ಹಚ್ಚಿಕೊಳ್ಳುವ ಜಾತಿ

“ನಾ ಆರಿಸೂದಿಲ್ಲ ಮೈನಾಬಿ. ಅದ ನನ್ನ ಆರಿಸ್ಲಿ,” ಎಂದು ಹೇಳಿ ಅವಳ ಅಂಗಳದ ಕಲ್ಲಿನ ಮೇಲೆ ಕೂತೆ. ಎದುರಿಗೆ ಗೋಣಿಚೀಲದ ಮೇಲೆ ಲ್ಯಾಬ್ರಡಾರ್ ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ತಾಯಿನಾಯಿ ನನ್ನನ್ನು ಒಮ್ಮೆ ನೋಡಿ, ನೋಡಿದ್ದು ಸಾಕೆಂಬಂತೆ ಕಣ್ಣು ಮುಚ್ಚಿತು.

ಹಾಲು ಹಾಕಲು ಬಂದಿದ್ದ ಶೆಟ್ಟೆವ್ವ ತಂಬಿಗೆ ಕೆಳಗಿಟ್ಟಳು. “ಮೊನ್ನಿ ಕಣ್ಣ ತಗದಾವ. ಅವೇನ ನಿನ್ನ ಆರಿಸ್ತಾವೋ ಯಪ್ಪಾ ಶಿದ್ಲಿಂಗಪ್ಪ!”

ನಿಡಸೋಸಿಯ ಕಾಲೇಜಿನ ಗ್ರಂಥಾಲಯದಲ್ಲಿ ಕೂತು, ಮಾತಾಡುವವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುವುದು ನನ್ನ ನೌಕರಿಯಾಗಿತ್ತು. ರಿಟೈರಾಗಿ ಕೊಣ್ಣೂರಿಗೆ ಬಂದ ಮೇಲೆ ಬೆರಳು ತೋರಿಸಲು ಯಾರೂ ಉಳಿಯಲಿಲ್ಲ. ಮನೆಯಲ್ಲಿ ಸದ್ದು ಮಾಡುವುದೆಂದರೆ ಗಡಿಯಾರ ಒಂದೇ. ಅದಕ್ಕೇ ನಾಯಿ ಬೇಕೆನಿಸಿತು. ಮೊಬೈಲಿನಲ್ಲಿ ನೋಡಿ ನೋಡಿ ಪಂಡಿತನಾದೆ: ಮುಧೋಳ ನಾಯಿಗೆ ಬಿಗುಮಾನ, ಪಾಮೇರಿಯನ್‌ಗೆ ಸಿಟ್ಟು, ಮನುಷ್ಯರನ್ನು ಹಚ್ಚಿಕೊಳ್ಳುವುದರಲ್ಲಿ ಲ್ಯಾಬ್ರಡಾರ್ ಮಿಗಿಲು. ಆದರೆ ಕರೆದರೆ ಬರುವ ಪ್ರೀತಿ ನನಗೆ ಬೇಡವಾಗಿತ್ತು. ಅಜ್ಜನ ತೊಡೆಯ ಮೇಲೆ ವಚನ ಕೇಳಿ ಬೆಳೆದವನು, ‘ಕರೆದರೆ ಬರುವುದು ಹಸಿವು, ಕರೆಯದೆ ಬರುವುದು ಒಲವು’ ಎಂದು ನಾನೇ ಒಂದು ಸಾಲು ಕಟ್ಟಿಕೊಂಡಿದ್ದೆ. ಹೆಣ್ಣು ನೋಡಲು ಹೋದಾಗಲೂ ಇದೇ ಸಾಲನ್ನು ನೆಚ್ಚಿ ಸುಮ್ಮನೆ ಕೂತಿದ್ದೆ. ಈಗ ಆ ಹುಡುಗಿಯರ ಮಕ್ಕಳ ಮದುವೆಗೆ ಹೋಗಿ ಹೋಳಿಗೆ ಉಂಡು ಬರುತ್ತೇನೆ.

ದಿನಾ ಸಂಜೆ ಹೋಗಿ ಅದೇ ಕಲ್ಲಿನ ಮೇಲೆ ಕೂರತೊಡಗಿದೆ. ಮೊದಲ ದಿನ ಮೈನಾಬಿ ದಾಕ್ಷಿಣ್ಯಕ್ಕೆ ಚಹಾ ಕೊಟ್ಟಳು, ಆಮೇಲೆ ಕೇಳದೆಯೇ ಕಪ್ಪಿನಿಂದ ಬಸಿಗೆ ಸುರಿದು ಮುಂದಿಡುತ್ತಿದ್ದಳು. ಅವಳೂ ಶೆಟ್ಟೆವ್ವನೂ ಹಿಂಡಿಯ ರೇಟು, ಎಮ್ಮೆಯ ಕಾಲು, ಯಾರದೋ ಸೊಸೆಯ ಸಿಟ್ಟು ಎಂದು ಮಾತಾಡುವರು. ನಾನು ಪುರಾಣ ಕೇಳುವವನಂತೆ ಕೇಳುತ್ತಿದ್ದೆ. ವಾರಗಳು ಕಳೆದವು, ಹಲ್ಲು ಬಂದ ಮರಿಗಳು ನನ್ನ ಧೋತರದ ಅಂಚು ಕಚ್ಚಿ ಎಳೆದವು. ಆದರೆ ಕಸಬರಿಗೆಯನ್ನೂ ಅಷ್ಟೇ ಅಕ್ಕರೆಯಿಂದ ಎಳೆಯುತ್ತಿದ್ದವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಷ್ಟರಲ್ಲಿ ತುಕ್ಕಾನಟ್ಟಿಯಿಂದ ಒಬ್ಬ ಬೈಕಿನಲ್ಲಿ ಬಂದ. ಗಾಡಿ ಬಂದ್ ಮಾಡದೆಯೇ ಒಂದು ಮರಿ ಎತ್ತಿಕೊಂಡ. ಅದು ಅವನ ಮೀಸೆ ನೆಕ್ಕಿತು. ಹೋದ. ಹೀಗೇ ಒಬ್ಬೊಬ್ಬರು ಬಂದು ಒಂದೊಂದನ್ನು ಒಯ್ದರು.

“ಏನ್ರಿ ಅಣ್ಣಾರ, ನಾಯಿಮರಿಗೂ ಮುಹೂರ್ತ ನೋಡಾಕತ್ತೀರೇನ್ರಿ?” ಎಂದು ಮೈನಾಬಿ ನಕ್ಕಳು.

ಕೊನೆಗೆ ಉಳಿದದ್ದು ಒಂದು ಕಿವಿ ಹಿಂದಕ್ಕೆ ಮಡಚಿಕೊಂಡಿದ್ದ ಮರಿ. ಒಂದು ಸಂಜೆ ಅದು ತಾನಾಗಿಯೇ ಬಂತು. ನನ್ನ ಪಾದ ಮೂಸಿತು, ಒಂದು ಸುತ್ತು ತಿರುಗಿತು, ಪಾದದ ಮೇಲೆ ಗದ್ದ ಊರಿ ಮಲಗಿತು. ನಾನು ಉಸಿರು ಬಿಗಿಹಿಡಿದೆ. ಕಾಲು ಜೋಮು ಹಿಡಿಯಿತು, ಚಹಾ ಆರಿತು.

“ಬಂತಲ್ಲೋ! ಎತಗೋ!” ಎಂದಳು ಶೆಟ್ಟೆವ್ವ.

ನಾನು ತುಟಿಯ ಮೇಲೆ ಬೆರಳಿಟ್ಟೆ. ಹಾಳು ಅಭ್ಯಾಸ. ಇದು ಒಲವೋ, ಬರೀ ನಿದ್ದೆಯೋ ಎಂಬ ಜಿಜ್ಞಾಸೆ ತಲೆಯಲ್ಲಿ ನಡೆದಿತ್ತು. “ನಾಳಿ ಮತ್ತ ಬಂದ್ರ ಖರೆ,” ಎಂದು ಪಿಸುಗುಟ್ಟಿ, ಮೆಲ್ಲಗೆ ಕಾಲು ಬಿಡಿಸಿಕೊಂಡು ಕುಂಟುತ್ತ ಮನೆಗೆ ಹೋದೆ.

ಮರುದಿನ ಗೋಣಿಚೀಲ ಖಾಲಿಯಿತ್ತು.

“ಮೂಡಲಗಿಯಿಂದ ಒಬ್ಬಾಕಿ ಬಂದಿದ್ಲು, ಬೇಕ ಅಂದ್ಲು, ಕೊಟ್ಟೆ,” ಎಂದಳು ಮೈನಾಬಿ. ಅವಳ ಮುಖವೂ ಸಣ್ಣದಾಗಿತ್ತು. “ನಂದಿರ್ಲಿ ಅಂತ ನೀವು ಒಂದ ಮಾತ ಅಂದಿದ್ರ ಇಟ್ಟಿರತಿದ್ದೆನಲ್ರಿ ಅಣ್ಣಾರ.”

ಹೌದು, ಅನ್ನಬೇಕಿತ್ತು, ಎಂದೆ. ಅದನ್ನೂ ಮನಸ್ಸಿನಲ್ಲೇ.

ಅದರ ಮರುದಿನ ಹೋಗಲು ಕಾರಣವೇ ಇರಲಿಲ್ಲ. ಮನೆಯಲ್ಲಿ ಗಡಿಯಾರದ ಎದುರು ಕೂತೆ. ಚಹಾದ ಹೊತ್ತಾಗುತ್ತಲೇ ಕಾಲುಗಳು ನನ್ನನ್ನು ಕೇಳದೆ ಚಪ್ಪಲಿ ಹುಡುಕಿಕೊಂಡವು. ತಾಯಿನಾಯಿ ಮತ್ತೆ ಯಾವಾಗ ಮರಿ ಹಾಕುತ್ತದೆ ಎಂದು ಕೇಳಿದರಾಯಿತು ಎಂದು ದಾರಿಯಲ್ಲಿ ಒಂದು ನೆಪ ಹೊಂದಿಸಿಕೊಂಡೆ. ಗೇಟಿನ ಹತ್ತಿರ ಬಂದವನು ಒಳಗಿನ ಮಾತು ಕೇಳಿ ನಿಂತುಬಿಟ್ಟೆ.

“ಮರಿ ಎಲ್ಲಾ ಹ್ವಾದ್ವಲ್ಲ, ಇನ್ನ ಶಿದ್ಲಿಂಗಪ್ಪ ಯಾತಕ್ಕ ಬರ್ತಾನ?” ಶೆಟ್ಟೆವ್ವನ ದನಿ.

“ಬರ್ತಾರ ತಗೋ ಅಕ್ಕಾ. ಹೊತ್ತಾತಂದ್ರ ಬಂದು ಅದ ಕಲ್ಲಿನ ಮ್ಯಾಲ ಕುಂಡ್ರತಾರ. ಹಾಕಿದ್ದ ಕುಡೀತಾರ. ಕಡಿಯೂದಿಲ್ಲ, ಬೊಗಳೂದಿಲ್ಲ. ಭಾಳ ಹಚಗೊಂಡಾರ.” ಪಾತ್ರೆಗಳ ಸದ್ದಾಯಿತು. “ಆದ್ರ ಬಾಯಿ ಬಿಟ್ಟ ಏನೂ ಅನ್ನೂದಿಲ್ಲಲ್ಲ, ಇವತ್ತ ಅವರ ಚಹಾದ ಬಸಿ ಹೊರಗ ಇಡ್ಲೋ ಬ್ಯಾಡೋ ಅಂತ ನೋಡಾಕತ್ತೇನಿ.”

ಮೊಬೈಲಿನಲ್ಲಿ ಹುಡುಕಿದ್ದ ನಾಯಿಯ ಗುಣಗಳೆಲ್ಲ ಒಂದೊಂದಾಗಿ ನನ್ನ ಮೇಲೆಯೇ ಬಂದು ಕೂತಿದ್ದವು. ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಈಗಲೂ ತುಟಿ ಬಿಚ್ಚದೆ ನಿಂತರೆ ಆ ಬಸಿಯೂ ಮೂಡಲಗಿಯ ದಾರಿ ಹಿಡಿದೀತು.

ಹುಟ್ಟಿದಾಗಿನಿಂದ ಯಾರನ್ನೂ ಹೆಸರು ಹಿಡಿದು ಕೂಗದವನು, ಗೇಟು ಹಿಡಿದು ಓಣಿಗೆಲ್ಲ ಕೇಳುವಂತೆ ಕೂಗಿದೆ: “ಮೈನಾಬೀ! ಆ ಬಸಿ ನಂದಿರ್ಲಿ!”

ತಾಯಿನಾಯಿ ಎದ್ದು ಬಂದು ಗೇಟಿನ ಸಂದಿಯಿಂದ ನನ್ನ ಕೈ ಮೂಸಿತು. ಅದರ ಹಿಂದೆಯೇ ಶೆಟ್ಟೆವ್ವನ ನಗು.

“ಬೊಗಳೂದಿಲ್ಲ ಅಂದೆಲ್ಲ ಮೈನಾಬಿ, ಕೇಳೀಗ!”