ಹಸಿಯಾದರೆ ತಿರುಗುವ ಹುಲ್ಲು

ಇವತ್ತು ಕಾಲುಚೀಲಕ್ಕೆ ಚುಚ್ಚಿಕೊಂಡಿದ್ದ ಹುಲ್ಲಿನ ಬೀಜವೊಂದನ್ನು ಕಿತ್ತೆ. ಮುಳ್ಳಿನಂಥ ಮೊನೆ, ಉದ್ದನೆಯ ಬಾಲ. ಆಫ್ರಿಕದ ಬಯಲುಗಳಲ್ಲೂ ಇದೇ ಹುಲ್ಲು ಬೆಳೆಯುತ್ತದಂತೆ, ನನಗೆ ಮಾತ್ರ ಅದು ಗಜೇಂದ್ರಗಡದ ಗುಡ್ಡದ್ದು.

ಆಗ ಅವ್ವ ಹಾಸಿಗೆ ಹಿಡಿದು ಬಹಳ ದಿನಗಳಾಗಿದ್ದವು. ಅಂದು ನಮ್ಮ ಮನೆಯಲ್ಲಿ ಜನ ಸೇರತೊಡಗಿದಂತೆ ಪಕ್ಕದ ಮನೆಯ ಖಾಲಾ ನನ್ನ ಕೈ ಹಿಡಿದು ಗುಡ್ಡಕ್ಕೆ ಕರೆದುಕೊಂಡು ಹೋದಳು. ಆಡಿಗೆ ಹುಲ್ಲು ಬೇಕು ಅಂದಳು. ಕುಡುಗೋಲು ಮಾತ್ರ ತಂದಿರಲಿಲ್ಲ.

ಒಣಗಿದ ಹುಲ್ಲೆಲ್ಲ ಒಂದೇ ಥರ ಕಾಣುತ್ತಿತ್ತು. ಖಾಲಾ ಕಂದು ಬೀಜವೊಂದನ್ನು ನನ್ನ ಅಂಗೈಮೇಲಿಟ್ಟಳು.

"ಎಂಜಲ ಹಚ್ಚಿ ನೋಡವಾ. ತಿರಗಿದ್ರ ಇದು ಚುಚ್ಚೂ ಹುಲ್ಲು. ಹಿಂಗs ಗುರತ ಹಿಡೀಬೇಕು."

ಬೀಜ ಮೆಲ್ಲಗೆ ಹೊರಳಿ ಸುತ್ತತೊಡಗಿತು.

"ಇದು ಸತ್ತಿಲ್ಲೇನ ಖಾಲಾ?"

"ಇಲ್ಲವಾ. ಬುಡ ಮಣ್ಣಾಗ ಐತಿ. ಮಳಿ ಬಂದ್ರ ಮತ್ತ ಚಿಗಿತೈತಿ." ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ನನ್ನ ಲಂಗದ ತುಂಬ ಬೀಜಗಳು ಚುಚ್ಚಿಕೊಂಡಿದ್ದವು. "ಎಲ್ಲಾ ತಗದ ಮ್ಯಾಲ ಮನಿಗೆ ಹೋಗೂಣು" ಅಂದಳು. ನಾನು ಕಿತ್ತು ಮುಗಿಸಿ ಎದ್ದರೆ ಮತ್ತೆ ಹುಲ್ಲೊಳಗೇ ನಡೆಸಿಕೊಂಡು ಹೋಗಿ ಇನ್ನೊಂದು ಕಡೆ ಕೂರಿಸುತ್ತಿದ್ದಳು. ಕೆಳಗೆ ಊರಿನಿಂದ ಭಜನೆಯ ತಾಳ ಕೇಳುತ್ತಿತ್ತು.

ಸಂಜೆ ಮನೆಗೆ ಬಂದಾಗ ಅವ್ವ ಮಲಗುತ್ತಿದ್ದ ಜಾಗವನ್ನು ಸಾರಿಸಿದ್ದರು. ಲಂಗದಲ್ಲಿ ಉಳಿದಿದ್ದ ಒಂದು ಬೀಜವನ್ನು ಕಿತ್ತು ಆ ಹಸಿ ನೆಲದ ಮೇಲಿಟ್ಟೆ. ಅದು ತಿರುಗತೊಡಗಿತು.