ತೋಟ ಕಾಣದ ಫೋಟೋ

"ಇದೇನಪ್ಪ ಬೆಟ್ಟಸ್ವಾಮಿ, ನನ್ನ ತೆಂಗಿನ ತೋಟಕ್ಕೆ ಮಂಜು ಕವಿಸ್ಬುಟ್ಟಿದ್ದೀಯ?" ಬಿಳಿಗೆರೆಯ ಶಂಭುಲಿಂಗಯ್ಯನವರು ಮಗಳು ಗಿರಿಜಾಂಬಿಕೆಯ ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕನ್ನಡಕವನ್ನು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದರು. "ಒಂದು ಮರಾನಾದ್ರೂ ಮರ ಅನ್ನಂಗೈತಾ?"

ಬೆಟ್ಟಸ್ವಾಮಿಯ ಮುಖ ಸಪ್ಪಗಾಯಿತು. ತಿಪಟೂರಿನ ಸ್ಟುಡಿಯೋದಲ್ಲಿ ಜಲಪಾತ ಬರೆದ ಪರದೆಯ ಮುಂದೆ ಜನರನ್ನು ಕೂರಿಸಿ ಕೂರಿಸಿ ಬೇಸತ್ತವನು, ಬಯಲಿನಲ್ಲಿ ಮುಖದ ಫೋಟೋ ತೆಗೆಯುವ ವಿದ್ಯೆಯನ್ನು ಹೊಸದಾಗಿ ಕಲಿಯುತ್ತಿದ್ದ. ಹಿಂದಿನದೆಲ್ಲ ಮಸುಕಾಗಬೇಕು, ಮುಖವೊಂದೇ ಎದ್ದು ಬರಬೇಕು ಎಂದು ಗುರುಗಳು ಹೇಳಿಕೊಟ್ಟಿದ್ದರು. ಅದಕ್ಕೆಂದೇ ಸಂಜೆ ಬಿಸಿಲು ತಣಿಯುವ ತನಕ ಕಾದು, ಗಿರಿಜಾಂಬಿಕೆಯನ್ನು ಬದುವಿನ ಮೇಲೆ ನಿಲ್ಲಿಸಿ, ಅವಳು ಏನೋ ನೆನೆಸಿಕೊಂಡು ನಕ್ಕ ಗಳಿಗೆಗೆ ಸರಿಯಾಗಿ ಕ್ಲಿಕ್ಕಿಸಿದ್ದ. ಡಾರ್ಕ್‌ರೂಮಿನಲ್ಲಿ ಆ ಮುಖ ಮೂಡಿ ಬಂದಾಗ ಸಂತೋಷ ತಡೆಯಲಾರದೆ ಒಬ್ಬನೇ ಶಿಳ್ಳೆ ಹೊಡೆದಿದ್ದ.

"ಮುಖ ಚೆನ್ನಾಗಿ ಬಂದೈತಲ್ಲ ಯಜಮಾನ್ರೇ. ಗಂಡಿನ ಕಡೆಯೋರು ನೋಡೋದು ಅದನ್ನೇ ಅಲ್ವಾ?"

"ಮುಖ ಹೆಣ್ಣು ನೋಡೋಕೆ ಬಂದಾಗ ನೋಡ್ಕೋತಾರೆ ಬುಡು. ಗಂಡಿನಪ್ಪ ಶೆಟ್ಟಿಕೆರೆ ಮಲ್ಲಿಕಾರ್ಜುನಯ್ಯನೋರದ್ದು ಕೊಬ್ಬರಿ ವ್ಯಾಪಾರ ಕಣಪ್ಪ. ತೋಟ ಹಿಂಗೆ ಮಸುಕಾಗಿದ್ರೆ, ಮರಕ್ಕೆ ರೋಗ ಬಿದ್ದೈತೆ, ಅದ್ಕೇ ಮರೆಮಾಚವ್ರೆ ಅಂತಾರೆ. ಈ ಸಂಬಂಧ ತಪ್ಪಿಹೋದ್ರೆ ಇಂಥಾ ಮನೆ ಮತ್ತೆ ಸಿಕ್ತದಾ?"

ಬಾಗಿಲ ಬಳಿ ನಿಂತಿದ್ದ ಗಿರಿಜಾಂಬಿಕೆ ಬಂದು ಫೋಟೋ ಇಸಿದುಕೊಂಡಳು. "ನಾನು ಹಿಂಗಿದ್ದೀನಾ ಅಣ್ಣ?" ಎಂದು ಬೆಟ್ಟಸ್ವಾಮಿಯನ್ನು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಅದನ್ನು ಒಳಗೆ ಒಯ್ದಳು. ಬೆಟ್ಟಸ್ವಾಮಿಗೆ ಹೋದ ಜೀವ ಬಂದಂತಾಯಿತು. ಆದರೆ ಶೆಟ್ಟಿಕೆರೆಗೆ ಹೋಗಬೇಕಾದ ಫೋಟೋ ಇನ್ನೂ ಆಗಬೇಕಿತ್ತಲ್ಲ.

ಮರುದಿನ ನಡುಮಧ್ಯಾಹ್ನ ಕ್ಯಾಮೆರಾ ಹಿಡಿದವನು ಬೆಟ್ಟಸ್ವಾಮಿ, ಫೋಟೋ ತೆಗೆದವರು ಮಾತ್ರ ಶಂಭುಲಿಂಗಯ್ಯನವರೇ. "ಇನ್ನೂ ಹಿಂದಕ್ಕೋಗಪ್ಪ, ಸುಳಿ ಕಾಣ್ಬೇಕು. ಗಿರಿಜಾ, ಪಕ್ಕಕ್ಕೆ ಸರಿಯವ್ವ, ಮರಕ್ಕೆ ಅಡ್ಡ ಆಗ್ತಿದ್ದೀಯ." ಗುರುಗಳ ಪಾಠವನ್ನೆಲ್ಲ ಗಂಟುಕಟ್ಟಿಟ್ಟ ಬೆಟ್ಟಸ್ವಾಮಿ ಕಾಲುವೆಯ ತನಕ ಹಿಂದೆ ಸರಿದು, ನೆತ್ತಿ ಸುಡುವ ಬಿಸಿಲಲ್ಲಿ ಬಟನ್ ಒತ್ತಿದ.

"ನಿಮ್ಮ ಮಗಳು ಕಣ್ಣು ಮುಚ್ಚಿಬುಟ್ರು ಕಣ್ರೀ. ಇನ್ನೊಂದು ತೆಗೀತೀನಿ."

"ಗೊನೆ ಎಲ್ಲಾ ಬಂದವಾ?"

"ಬಂದವೆ."

"ಹಂಗಾದ್ರೆ ಸಾಕು ಬುಡು."

ಫೋಟೋ ಶೆಟ್ಟಿಕೆರೆಗೆ ಹೋಯಿತು. ವಾರ ಕಳೆಯುವುದರೊಳಗೆ ಬೆಟ್ಟಸ್ವಾಮಿಗೆ ಬಿಳಿಗೆರೆಯಿಂದ ಕರೆ ಬಂತು. ಶಂಭುಲಿಂಗಯ್ಯನವರು ಅವನನ್ನು ಜಗಲಿಯಲ್ಲೇ ಎದುರುಗೊಂಡರು.

"ಒಪ್ಕೊಂಡ್ರು ಕಣಪ್ಪ! ಮಲ್ಲಿಕಾರ್ಜುನಯ್ಯನೋರು ಭೂತಗನ್ನಡಿ ಇಟ್ಕೊಂಡು ನೋಡಿದ್ರಂತೆ. ಒಂದು ಮರಾನೂ ತೆಗೆದಾಕಂಗಿಲ್ಲ ಅಂದ್ರಂತೆ. ಇನ್ನು ಹುಡುಗಿ ನೋಡೋದು ಶಾಸ್ತ್ರಕ್ಕಷ್ಟೇ. ಲಗ್ನಕ್ಕೂ ನೀನೇ ಬರ್ಬೇಕು, ಆಯ್ತಾ?"

ಕಾಫಿ ತಂದ ಗಿರಿಜಾಂಬಿಕೆ ಬೆಟ್ಟಸ್ವಾಮಿಯ ಕೈಗೆ ಲೋಟ ಕೊಟ್ಟು, ಅಪ್ಪನ ಕಡೆ ತಿರುಗಿದಳು.

"ತಾಳಿ ಯಾವ ಮರಕ್ಕೆ ಕಟ್ತಾರಂತೆ, ಕೇಳಿದ್ರಾ ಅಪ್ಪಾಜಿ?"