ಪೆಟ್ರೋಲ್ ಮುಳ್ಳು

"ಕೆಟ್ಟಿರೋದು ಆಕ್ಸಿಜನ್ ಸೆನ್ಸರ್ ನೋಡ್ರಿ ಅಕ್ಕಾರ," ಎನ್ನುತ್ತ ಮೆಕ್ಯಾನಿಕ್ ಗಾದಿಲಿಂಗಪ್ಪ ಟ್ರಕ್ಕಿನ ಅಡಿಯಿಂದ ಹೊರಬಂದು ಕೈ ಒರೆಸಿಕೊಂಡ. "ಸೈಲೆನ್ಸರ್ ಪೈಪಿನಾಗ ಕುಂತು ಹೊಗಿ ನೋಡತೈತಿ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಸಾಕು ಅಂತ ಹೇಳೋದು ಅದ. ಈಗ ಅದು ಸತ್ತೈತಿ. ಎಂಜಿನ್ ಲೆಕ್ಕಿಲ್ಲದಂಗ ಕುಡ್ಯಾಕ ಹತ್ತೈತಿ."

"ಹೊಸಾದು ಹಾಕಿಸಲೇಬೇಕಾ?"

"ಹಾಕಿಸದಿದ್ರೂ ಓಡತೈತಿ. ಫಾರಿನ್ ಮಾಲು, ಬೆಂಗ್ಳೂರಿಂದ ತರಿಸಬೇಕು. ಇಷ್ಟು ಹಳೇ ಗಾಡಿಗೆ ಅಷ್ಟು ಖರ್ಚು ಮಾಡ್ತೀರೋ ಬಿಡ್ತೀರೋ, ವಿಚಾರ ಮಾಡ್ರಿ."

ಶೈಲಜಾ ಅವನ ಮುಖ ನೋಡಲಿಲ್ಲ. ಹಿಂದೆ ನಿಂತು ಊಟದ ಡಬರಿಗಳಿಗೆ ಹಗ್ಗ ಬಿಗಿಯುತ್ತಿದ್ದ ಡ್ರೈವರ್ ರೇವಣಸಿದ್ದನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ಮಾತು ಕಿವಿಗೆ ಬೀಳದಷ್ಟು ದೂರವೇನೂ ಅವನು ಇರಲಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅನ್ನಿಸಿತು ಅವಳಿಗೆ. "ಆಮೇಲೆ ಹೇಳ್ತೀನಿ," ಎಂದು ಎದ್ದಳು.

ಹೊಸಪೇಟೆಯ ಅವಳ ಖಾನಾವಳಿಯಿಂದ ಸಂಡೂರಿನ ಗಣಿ ಕ್ಯಾಂಪಿಗೆ ದಿನಾ ಊಟ ಹೋಗುತ್ತಿತ್ತು. ಸರ್ವೆಯವರು ಬಳಸಿ ಬಿಟ್ಟ ಈ ಪೆಟ್ರೋಲ್ ಟ್ರಕ್ಕನ್ನು ಅವಳು ಕೊಂಡಾಗ, ಅದನ್ನು ಓಡಿಸುತ್ತಿದ್ದ ರೇವಣಸಿದ್ದನೂ ಅದರ ಜೊತೆಗೇ ಬಂದಿದ್ದ. ಈಚೆಗೆ ಟ್ಯಾಂಕು ತುಂಬಿಸುವುದೇ ತಡ, ಬರಿದಾಗುತ್ತಿತ್ತು. ಬಂಕಿಗೆ ಹೋಗುವವನೂ ಅವನೇ, ರಾತ್ರಿ ಗಾಡಿ ಇಟ್ಟುಕೊಳ್ಳುವವನೂ ಅವನೇ. ಅದಿರಿನ ಲಾರಿಗಳು ಹಗಲಿರುಳೆನ್ನದೆ ಓಡುತ್ತಿದ್ದ ಕಾಲವದು. ಮಾಲೀಕರ ಟ್ಯಾಂಕಿನಿಂದ ಇಳಿಸಿದ ಡೀಸೆಲನ್ನು ಡ್ರೈವರುಗಳು ದಾರಿ ಬದಿ ಕ್ಯಾನುಗಳಲ್ಲಿ ಮಾರುವುದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಸುತ್ತಲಿನವರೆಲ್ಲ ಕೈಗೆ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಿರುವಾಗ ಇವನೊಬ್ಬ ಯಾಕೆ ಸುಮ್ಮನಿರುತ್ತಾನೆ? ಸೆನ್ಸರ್ ಬದಲಾಯಿಸುವುದಕ್ಕಿಂತ ಡ್ರೈವರನ್ನು ಬದಲಾಯಿಸುವುದೇ ಸುಲಭ ಎಂದುಕೊಂಡು, ಬೇರೆ ಯಾರನ್ನಾದರೂ ನೋಡು ಎಂದು ಕಂಪ್ಲಿಯ ತಮ್ಮನಿಗೆ ಫೋನ್ ಮಾಡಿದಳು.

ಆದರೂ ಒಮ್ಮೆ ಕೈಯಾರೆ ಹಿಡಿಯಬೇಕೆಂಬ ಹಟ. ಮರುದಿನ ತಾನೇ ಬಂಕಿಗೆ ಹೋಗಿ ಎದುರು ನಿಂತು ಟ್ಯಾಂಕು ತುಂಬಿಸಿ, "ಕ್ಯಾಂಪಿನಾಗ ಮ್ಯಾನೇಜರ್ ಹತ್ರ ಮಾತಾಡೋದೈತಿ," ಎಂದು ಸುಳ್ಳು ಹೇಳಿ, ಕ್ಯಾಬಿನ್ನಿನಲ್ಲಿ ಅವನ ಪಕ್ಕ ಕೂತಳು.

ಪಾಪಿನಾಯಕನಹಳ್ಳಿ ದಾಟುವಷ್ಟರಲ್ಲಿ ಇಬ್ಬರ ಮುಖವೂ ಅದಿರಿನ ದೂಳಿನಿಂದ ಕೆಂಪಾಗಿತ್ತು. ಮುಂದೆ ಒಂದು ಕಡೆ ಅವನು ಗಾಡಿ ಬದಿಗೆ ತೆಗೆದು ನಿಲ್ಲಿಸಿದ.

"ಯಾಕ ನಿಲ್ಸಿದಿ?"

"ಒಂದಕ್ಕ ಹೋಗಿ ಬರ್ತೀನ್ರಿ."

ಕೀ ಕಿತ್ತು ಅವಳ ಪಕ್ಕದ ಸೀಟಿನ ಮೇಲಿಟ್ಟು ಇಳಿದ. ಶೈಲಜಾ ಹೊರಗಿನ ಕನ್ನಡಿಯಲ್ಲಿ ಟ್ಯಾಂಕಿನ ಮುಚ್ಚಳವನ್ನೇ ನೋಡುತ್ತ ಕೂತಳು. ಅವನು ಅದರ ಹತ್ತಿರವೂ ಸುಳಿಯಲಿಲ್ಲ. ಬೇಕೆಂದೇ ಸುತ್ತು ಹಾಕಿ, ಅವಳಿಗೆ ಕಾಣುವಂತೆ ಗಾಡಿಯ ಮುಂದಿನಿಂದಲೇ ಹೋಗಿ ಮುಂದಿನಿಂದಲೇ ಬಂದ.

ಏರು ಹತ್ತುವಾಗ ಅವನೇ ಬಾಯಿ ಬಿಟ್ಟ. "ಕಂಪ್ಲಿಯಿಂದ ಡ್ರೈವರ್ ಬರ್ತಾನಂತಲ್ರಿ. ಅಡಿಗಿ ಬಸಕ್ಕ ಅಂತಿದ್ಲು."

ಶೈಲಜಾ ಕಿಟಕಿಯಾಚೆ ನೋಡಿದಳು.

"ಬಂದ್ರ ಅವನಿಗೆ ಹೇಳ್ರಿ. ಮುಂಜಾನಿ ಸ್ಟಾರ್ಟ್ ಮಾಡಿ ತುಸು ಹೊತ್ತು ಹಂಗ ಬಿಡಬೇಕು. ಎಬ್ಬಿಸಿದ ಕೂಡ್ಲೆ ಓಡಿಸಿದ್ರ ಇಂಥ ಏರಿನಾಗ ಕೈ ಕೊಡತೈತಿ."

ಊಟ ಇಳಿಸಿ ಹೊಸಪೇಟೆಗೆ ಮರಳುವಾಗ ಅವಳ ಕಣ್ಣು ಪೆಟ್ರೋಲ್ ಮುಳ್ಳನ್ನು ಬಿಟ್ಟು ಕದಲಲಿಲ್ಲ. ದಿನಾ ಎಲ್ಲಿಗೆ ಇಳಿಯುತ್ತಿತ್ತೋ ಅಲ್ಲಿಗೇ ಇಳಿದಿತ್ತು ಅದು. ಮನಸ್ಸು ಒಪ್ಪಲಿಲ್ಲ, ಮೀಟರನ್ನೇ ಏನಾದರೂ ಮಾಡಿದ್ದಾನೋ ಎಂದು ಬಂಕಿನಲ್ಲಿ ಮತ್ತೆ ತುಂಬಿಸಿದಳು. ದಿನಾ ಹಿಡಿಯುವಷ್ಟೇ ಹಿಡಿಯಿತು. ಇಡೀ ದಾರಿ ಅವನ ಮಗ್ಗುಲಲ್ಲೇ ಕೂತಿದ್ದವಳಿಗೆ ಅನುಮಾನಪಡಲು ಇನ್ನು ಯಾರೂ ಉಳಿದಿರಲಿಲ್ಲ. ಅಲ್ಲಿಂದಲೇ ಗಾದಿಲಿಂಗಪ್ಪನಿಗೆ ಫೋನ್ ಮಾಡಿ, "ತರಿಸಿಬಿಡು," ಎಂದಳು.

ಸೆನ್ಸರ್ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಹಳೆಯದನ್ನು ಬಿಚ್ಚಿ ಗಾದಿಲಿಂಗಪ್ಪ ಅವಳ ಅಂಗೈ ಮೇಲಿಟ್ಟ. ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ತುಂಡು, ಮಸಿ ಹಿಡಿದು ಕರ್ರಗಾಗಿತ್ತು. ಹೊಸದು ಕೂತ ಮೇಲೆ ಮುಳ್ಳು ಮೊದಲಿನಂತೆ ನಿಧಾನವಾಗಿ ಇಳಿಯತೊಡಗಿತು. ಕಂಪ್ಲಿಯ ಡ್ರೈವರ್ ಬೇಡವೆಂದು ತಮ್ಮನಿಗೆ ಹೇಳಿದ್ದಾಯಿತು. ಆದರೆ ರೇವಣಸಿದ್ದ ಈಗ ಬಂಕಿಗೆ ಒಬ್ಬನೇ ಹೋಗುತ್ತಿರಲಿಲ್ಲ. ಖಾನಾವಳಿಯ ಮುಂದೆ ಗಾಡಿ ನಿಲ್ಲಿಸಿ ಅವಳು ಹತ್ತುವವರೆಗೆ ಕಾಯುತ್ತಿದ್ದ.

ಒಂದು ಮುಂಜಾನೆ ಬಂಕಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಸಿದ್ದಣ್ಣ, ನಿನ್ನ ಮ್ಯಾಲ ಸುಳ್ಳ ಅನುಮಾನ ಪಟ್ಟೆ. ಮನಸ್ಸಿನಾಗ ಇಟ್ಕೋಬ್ಯಾಡ. ನಾಳಿಂದ ಬಂಕಿಗೆ ಮೊದಲಿನಂಗ ನೀನ ಬಂದು ಹೋಗು."

ಅವನು ಟ್ಯಾಂಕಿನ ಮುಚ್ಚಳ ತಿರುವಿ ಬಿಗಿಮಾಡಿದ. ಚೆಲ್ಲಿದ್ದ ಪೆಟ್ರೋಲನ್ನು ಬಟ್ಟೆಯಿಂದ ಒರೆಸಿದ.

"ಬ್ಯಾಡ್ರಿ ಅಕ್ಕಾರ. ನೀವ ಬರ್ರಿ."

"ಯಾಕ?"

"ಹಳೇ ಗಾಡಿ ಐತ್ರಿ," ಎನ್ನುತ್ತ ಅವನು ಅವಳ ಕಡೆಯ ಬಾಗಿಲು ತೆರೆದು ಹಿಡಿದ. "ನಾಳೆ ಮತ್ತೊಂದು ಏನರ ಕೆಡತೈತಿ."